ಮೇಲ್ ಮತ್ತು ವೆಬ್ ಸರ್ವರ್‌ಗಳ ಮುಂದೆ ಓಪಿಎನ್‌ಸೆನ್ಸ್ ಫೈರ್‌ವಾಲ್: ವರ್ಷಗಟ್ಟಲೆ ಬಳಸಿದ ಮೇಲೆ

ಹುಬ್ಬಳ್ಳಿಯ ನಮ್ಮ ಸಣ್ಣ ಸಂಸ್ಥೆಯಲ್ಲಿ ಎರಡು ಸರ್ವರ್‌ಗಳಿವೆ. ಒಂದರಲ್ಲಿ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಮತ್ತು ಅದನ್ನು ಓದಲು ಕೊಡುವ ಡವ್‌ಕಾಟ್, ಇನ್ನೊಂದರಲ್ಲಿ ವೆಬ್ ಪುಟ ಕೊಡುವ ಎಂಜಿನ್‌ಎಕ್ಸ್ ಮತ್ತು ಅದರ ಹಿಂದೆ ಒಂದಷ್ಟು ವರ್ಡ್‌ಪ್ರೆಸ್ ತಾಣಗಳು. ಸಹಕಾರ ಸಂಘಗಳು, ಶಾಲೆಗಳು, ಊರಿನ ವ್ಯಾಪಾರಸ್ಥರು ತಮ್ಮ ಮೇಲ್ ಮತ್ತು ವೆಬ್‌ಸೈಟ್ ನಮ್ಮಲ್ಲಿ ಇಟ್ಟಿದ್ದಾರೆ. ಈ ಎರಡೂ ಸರ್ವರ್‌ಗಳ ಮುಂದೆ ಇರುವುದು ಓಪಿಎನ್‌ಸೆನ್ಸ್ ಎಂಬ ಫೈರ್‌ವಾಲ್ (ಬರುವ, ಹೋಗುವ ದಟ್ಟಣೆಯನ್ನು ಸೋಸುವ ತಂತ್ರಾಂಶ) ಹಾಕಿದ, ಫ್ಯಾನ್ ಇಲ್ಲದ ಒಂದು ಚಿಕ್ಕ ಬಾಕ್ಸ್. 22.1 ಆವೃತ್ತಿಯ ಕಾಲದಿಂದ ಇದನ್ನೇ ಬಳಸುತ್ತಿದ್ದೇನೆ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಎಲ್ಲಿ ಹೋಯಿತು ಎಂಬುದನ್ನೂ ಹೇಳುತ್ತೇನೆ.

ಹೆಸರು ಹೊಸದೆನಿಸುವವರಿಗೆ ಎರಡು ಮಾತು. ಓಪಿಎನ್‌ಸೆನ್ಸ್ ಪಿಎಫ್‌ಸೆನ್ಸ್ ಎಂಬ ಇನ್ನೊಂದು ಫೈರ್‌ವಾಲ್‌ನಿಂದ ಕವಲೊಡೆದ ಮುಕ್ತ ತಂತ್ರಾಂಶ. ಮೊದಲ ಆವೃತ್ತಿ 2015ರ ಜನವರಿಯಲ್ಲಿ ಬಂತು. ನೆದರ್‌ಲ್ಯಾಂಡ್ಸ್‌ನ ಡೆಸಿಸೊ ಕಂಪನಿ ಅದರ ಬೆನ್ನಿಗಿದೆ. ಒಳಗೆ ಇರುವುದು ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಂ, ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಓಡಾಡುವ ಡೇಟಾ ತುಣುಕು) ಸೋಸುವ ಕೆಲಸ 2001ರಲ್ಲಿ ಓಪನ್‌ಬಿಎಸ್‌ಡಿಗಾಗಿ ಬರೆದ ಪಿಎಫ್‌ನದು. ನಮ್ಮ ಬಾಕ್ಸ್‌ನಲ್ಲಿ ನಾಲ್ಕು ಕೋರಿನ ಇಂಟೆಲ್ ಪ್ರೊಸೆಸರ್, 8 ಜಿಬಿ ರ‍್ಯಾಮ್, ನಾಲ್ಕು ಇಂಟೆಲ್ ನೆಟ್‌ವರ್ಕ್ ಪೋರ್ಟ್‌ಗಳಿವೆ. ಒಂದು ಸಂಪರ್ಕದ ಸ್ಟೇಟ್, ಅಂದರೆ ಅದು ನಡೆಯುತ್ತಿದೆ ಎಂಬ ನಮೂದು, ಹೆಚ್ಚುಕಡಿಮೆ 1 ಕೆಬಿ ಜಾಗ ತಿನ್ನುತ್ತದೆ. ರ‍್ಯಾಮ್‌ನ ಹತ್ತನೇ ಒಂದು ಭಾಗವನ್ನು ಅದಕ್ಕೆ ಬಿಟ್ಟರೂ ಸುಮಾರು 8 ಲಕ್ಷ ಸ್ಟೇಟ್‌ಗಳಿಗೆ ಸ್ಥಳ ಸಿಗುತ್ತದೆ. ನಮ್ಮ 100 ಎಂಬಿಪಿಎಸ್ ಲೀಸ್ಡ್ ಲೈನ್‌ಗೆ ಇದು ಧಾರಾಳ. ಬಾಕ್ಸ್ ಆರಿಸುವಾಗ ಪ್ರೊಸೆಸರ್‌ಗಿಂತ ಮೊದಲು ನೆಟ್‌ವರ್ಕ್ ಚಿಪ್ ಯಾವುದೆಂದು ನೋಡಿ. ಫ್ರೀಬಿಎಸ್‌ಡಿಯಲ್ಲಿ ಇಂಟೆಲ್ ಚಿಪ್‌ಗಳ ಡ್ರೈವರ್ ನೆಚ್ಚಿಕೊಳ್ಳುವಂತಿದೆ.

ಪೋರ್ಟ್‌ಗಳ ಹಂಚಿಕೆ ಹೀಗಿದೆ: ಒಂದು ವ್ಯಾನ್‌ಗೆ (ಹೊರಗಿನ ಇಂಟರ್ನೆಟ್ ಕಡೆ), ಒಂದು ಕಚೇರಿಯ ಲ್ಯಾನ್‌ಗೆ (ಒಳಜಾಲ), ಒಂದು ಮೇಲ್ ಸರ್ವರ್‌ಗೆ, ಇನ್ನೊಂದು ವೆಬ್ ಸರ್ವರ್‌ಗೆ. ಎರಡೂ ಸರ್ವರ್‌ಗಳನ್ನು ಒಂದೇ ಡಿಎಂಜೆಡ್‌ನಲ್ಲಿ, ಅಂದರೆ ಹೊರಗಿನವರು ಮುಟ್ಟುವ ಸರ್ವರ್‌ಗಳಿಗೆಂದೇ ಬೇರ್ಪಡಿಸಿದ ಜಾಲದಲ್ಲಿ, ಇಡಬಹುದಿತ್ತು. ಆದರೆ ಒಂದೇ ಸ್ವಿಚ್‌ನ ಮೇಲಿರುವ ಎರಡು ಯಂತ್ರಗಳು ಮಾತಾಡಿಕೊಂಡರೆ ಆ ಮಾತು ಫೈರ್‌ವಾಲ್‌ವರೆಗೆ ಬರುವುದೇ ಇಲ್ಲ. ಪಿಎಚ್‌ಪಿ ತಾಣಗಳು ತುಂಬಿರುವ ಯಂತ್ರಕ್ಕೂ ನೂರಾರು ಜನರ ಪತ್ರಗಳಿರುವ ಯಂತ್ರಕ್ಕೂ ನಡುವೆ ಗೋಡೆ ಬೇಕೇ ಬೇಕು. ಎರಡು ಸರ್ವರ್‌ಗಳಲ್ಲಿ ಯಾವುದೂ ಕಚೇರಿಯ ಟ್ಯಾಲಿ ಕಂಪ್ಯೂಟರ್ ಕಡೆಗೆ ತಾನಾಗಿ ಸಂಪರ್ಕ ತೆರೆಯುವಂತಿಲ್ಲ. ಕಚೇರಿಯಿಂದ ಸರ್ವರ್‌ಗಳಿಗೆ ಹೋಗಬಹುದು, ಮುಂದೆ ಹೇಳುವ ಕ್ಯಾಶ್ ಸರ್ವರ್ ಒಂದನ್ನು ಬಿಟ್ಟರೆ ಅಲ್ಲಿಂದ ಇಲ್ಲಿಗೆ ಬರುವ ದಾರಿ ಇಲ್ಲ.

ಹೊರಗಿನಿಂದ ಒಳಗೆ ತೆರೆದಿರುವುದು ಬೆರಳೆಣಿಕೆಯ ಬಾಗಿಲುಗಳು, ಅಂದರೆ ಸೇವೆಗಳಿಗೆ ಕೊಟ್ಟ ಪೋರ್ಟ್ ಸಂಖ್ಯೆಗಳು. ಮೇಲ್‌ಗೆ 25, 465, 587, 993. ವೆಬ್‌ಗೆ 80, 443. ಮೇಲ್ ಓದಲು ಬಳಸುವ ಪಾಪ್‌ತ್ರೀಯ 110, ಐಮ್ಯಾಪ್‌ನ 143 ಎರಡೂ ಮುಚ್ಚಿವೆ. ಎಸ್‌ಎಸ್‌ಎಚ್ (ದೂರದಿಂದ ಯಂತ್ರಕ್ಕೆ ಲಾಗಿನ್ ಆಗುವ ದಾರಿ) ಮತ್ತು ಫೈರ್‌ವಾಲ್‌ನ ಆಡಳಿತ ಪುಟ ಹೊರಗಿನಿಂದ ಕಾಣುವುದೇ ಇಲ್ಲ. ವೈರ್‌ಗಾರ್ಡ್ ವಿಪಿಎನ್ (ಗೂಢಲಿಪಿಯ ಖಾಸಗಿ ಸುರಂಗ) ಮೂಲಕ ಬಂದು, ಮೊಬೈಲ್‌ನಲ್ಲಿ ಬರುವ ಆರಂಕಿಯ ಕೋಡ್ ಕೊಟ್ಟು ಒಳಹೋಗುತ್ತೇನೆ. ಈ ಎರಡನೇ ಹಂತದ ಪರಿಶೀಲನೆ ಓಪಿಎನ್‌ಸೆನ್ಸ್‌ನಲ್ಲೇ ಇದೆ, ಬೇರೆ ಏನೂ ಕೊಳ್ಳಬೇಕಿಲ್ಲ.

ಹೊಸಬರು ಸಾಮಾನ್ಯವಾಗಿ ಸಿಕ್ಕಿಬೀಳುವುದು ನ್ಯಾಟ್‌ನಲ್ಲಿ, ಅಂದರೆ ಒಳವಿಳಾಸ ಮತ್ತು ಸಾರ್ವಜನಿಕ ವಿಳಾಸಗಳನ್ನು ಅದಲುಬದಲು ಮಾಡುವಲ್ಲಿ. ನಮಗೆ ಸೇವಾದಾರರು ಕೊಟ್ಟಿರುವುದು ಸ್ಟ್ಯಾಟಿಕ್ (ಬದಲಾಗದ) ಐಪಿ ವಿಳಾಸಗಳ ಒಂದು ಪುಟ್ಟ ಗುಚ್ಛ. ಮೇಲ್‌ಗೆ ಒಂದು ವಿಳಾಸ, ವೆಬ್‌ಗೆ ಒಂದು, ಬಾಕ್ಸ್‌ಗೇ ಒಂದು. ಹೊರಗಿನ ಪೋರ್ಟ್‌ಗೆ ಬಂದದ್ದನ್ನು ಒಳಗಿನ ಸರ್ವರ್‌ಗೆ ದಾಟಿಸುವ ಪೋರ್ಟ್ ಫಾರ್ವರ್ಡ್ ಹಾಕಿದರೆ ಒಳಬರುವ ಮೇಲ್ ಸರಿಯಾಗಿಯೇ ತಲುಪುತ್ತದೆ, ಎಲ್ಲವೂ ಮುಗಿಯಿತೆಂದು ಅನಿಸುತ್ತದೆ. ಆದರೆ ಪೋರ್ಟ್ ಫಾರ್ವರ್ಡ್‌ಗೆ ಒಳಬರುವ ದಾರಿ ಮಾತ್ರ ಗೊತ್ತು. ಮೇಲ್ ಸರ್ವರ್ ತಾನಾಗಿ ಹೊರಗೆ ಪತ್ರ ಕಳಿಸಿದಾಗ ಅದು ಬಾಕ್ಸ್‌ನ ಮುಖ್ಯ ವ್ಯಾನ್ ವಿಳಾಸದಿಂದ ಹೊರಡುತ್ತದೆ. ಆ ವಿಳಾಸ ಎಸ್‌ಪಿಎಫ್ ದಾಖಲೆಯಲ್ಲಿ (ಯಾವ ವಿಳಾಸಗಳು ನಮ್ಮ ಹೆಸರಲ್ಲಿ ಮೇಲ್ ಕಳಿಸಬಹುದೆಂಬ ಪಟ್ಟಿ) ಇರುವುದಿಲ್ಲ, ಅದರ ರಿವರ್ಸ್ ಡಿಎನ್‌ಎಸ್ (ವಿಳಾಸದಿಂದ ಹೆಸರು ಹೇಳುವ ದಾಖಲೆ) ಮೇಲ್ ಸರ್ವರ್‌ನ ಹೆಸರು ಹೇಳುವುದಿಲ್ಲ. ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಈ ವಿಷಯದಲ್ಲಿ ಬಿಗಿಯಾಗಿವೆ. ಪತ್ರ ಸ್ಪ್ಯಾಮ್‌ಗೆ ಬೀಳುತ್ತದೆ, ಇಲ್ಲವೇ ತಿರುಗಿ ಬರುತ್ತದೆ. ಗ್ರಾಹಕರು ಮೇಲ್ ಸರ್ವರನ್ನು ದೂರುತ್ತಾರೆ, ದೋಷ ಮಾತ್ರ ಫೈರ್‌ವಾಲ್‌ನ ಸೆಟ್ಟಿಂಗ್‌ನಲ್ಲಿರುತ್ತದೆ.

ಇದಕ್ಕೆ ಪರಿಹಾರ ಎರಡು. ಮೇಲ್ ಸರ್ವರ್‌ಗೆ ಒನ್-ಟು-ಒನ್ ನ್ಯಾಟ್ ಹಾಕಿದರೆ ಹೋಗುವುದೂ ಬರುವುದೂ ಒಂದೇ ವಿಳಾಸದಲ್ಲಿ ಆಗುತ್ತದೆ. ಇಲ್ಲವಾದರೆ ಪೋರ್ಟ್ ಫಾರ್ವರ್ಡ್ ಜೊತೆಗೆ ಔಟ್‌ಬೌಂಡ್ ನ್ಯಾಟ್‌ನಲ್ಲಿ ಆ ಯಂತ್ರಕ್ಕೆ ಪ್ರತ್ಯೇಕ ರೂಲ್ ಬರೆಯಬೇಕು. ನಾನು ಒನ್-ಟು-ಒನ್ ಬಳಸುತ್ತೇನೆ. ಅದನ್ನು ಹಾಕಿದ ಮಾತ್ರಕ್ಕೆ ಎಲ್ಲ ಪೋರ್ಟ್‌ಗಳೂ ತೆರೆದುಕೊಂಡವೆಂದು ಕೆಲವರು ಗಾಬರಿಯಾಗುತ್ತಾರೆ, ಹಾಗಾಗುವುದಿಲ್ಲ. ವಿಳಾಸ ಬದಲಿಸುವುದು ನ್ಯಾಟ್, ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ರೂಲ್. ಇನ್ನೊಂದು ಸಂಗತಿ: ಒಳಬರುವ ಪ್ಯಾಕೆಟ್‌ಗೆ ಪಿಎಫ್ ಮೊದಲು ನ್ಯಾಟ್ ಮಾಡಿ ಆಮೇಲೆ ರೂಲ್ ನೋಡುತ್ತದೆ. ಹಾಗಾಗಿ ವ್ಯಾನ್ ರೂಲ್‌ನಲ್ಲಿ ಗುರಿಯಾಗಿ ಸಾರ್ವಜನಿಕ ವಿಳಾಸವನ್ನಲ್ಲ, ಸರ್ವರ್‌ನ ಒಳವಿಳಾಸವನ್ನು ಬರೆಯಬೇಕು.

ಕಚೇರಿಯ ಒಳಗಿನವರು ಮೇಲ್ ಸರ್ವರ್‌ನ ಹೆಸರು ಹುಡುಕಿದಾಗ ಹೊರಗಿನ ವಿಳಾಸ ಸಿಕ್ಕಿ, ಸಂಪರ್ಕ ಬಾಕ್ಸ್‌ವರೆಗೆ ಹೋಗಿ ನಿಂತುಬಿಡುವುದುಂಟು. ಅಂಥ ಸಂಪರ್ಕವನ್ನು ಒಳಕ್ಕೇ ತಿರುಗಿಸುವ ನ್ಯಾಟ್ ರಿಫ್ಲೆಕ್ಷನ್ ಎಂಬ ಆಯ್ಕೆಯಿದೆ. ಅದಕ್ಕಿಂತ ಬಾಕ್ಸ್‌ನಲ್ಲೇ ಇರುವ ಅನ್‌ಬೌಂಡ್ ಡಿಎನ್‌ಎಸ್‌ನಲ್ಲಿ (ಹೆಸರಿಗೆ ವಿಳಾಸ ಹೇಳುವ ಸೇವೆ) ಆ ಹೆಸರಿಗೆ ಒಳವಿಳಾಸ ಬರೆದಿಡುವುದು ಅಚ್ಚುಕಟ್ಟು. ಲಾಗ್‌ನಲ್ಲೂ ಯಾರು ಬಂದರೆಂಬುದು ಸ್ಪಷ್ಟವಾಗಿ ಕಾಣುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಇಷ್ಟು ವರ್ಷಗಳಲ್ಲಿ ಈ ಬಾಕ್ಸ್ ತನ್ನ ಬೆಲೆಯನ್ನು ತೀರಿಸಿದ್ದು ಒಳಬರುವುದನ್ನು ತಡೆದಿದ್ದರಿಂದಲ್ಲ, ಹೊರಹೋಗುವುದನ್ನು ತಡೆದಿದ್ದರಿಂದ. ಒಳಬರುವ ದಾರಿಯಲ್ಲಿ ಮುಚ್ಚಿದ ಪೋರ್ಟ್‌ನ ಹಿಂದೆ ಹೇಗೂ ಏನೂ ಇಲ್ಲ. ತೆರೆದ ಪೋರ್ಟ್‌ನಲ್ಲಿ ಬರುವ ದಾಳಿ ಗೂಢಲಿಪಿಯೊಳಗೆ ಅಡಗಿ, ಮಾಮೂಲಿ ಸಂದರ್ಶಕರ ಜೊತೆಯಲ್ಲೇ ಬರುತ್ತದೆ. ಫೈರ್‌ವಾಲ್‌ಗೆ ಅದು ಕಾಣುವುದಿಲ್ಲ. ಆದರೆ ಒಳಗೆ ನುಸುಳಿದವನು ಏನಾದರೂ ಮಾಡಬೇಕಾದರೆ ಹೊರಗೆ ಮಾತಾಡಲೇಬೇಕು. ಇನ್ನೊಂದು ಕಡತ ಇಳಿಸಿಕೊಳ್ಳಬೇಕು, ತನ್ನ ಯಜಮಾನನಿಗೆ ವರದಿ ಒಪ್ಪಿಸಬೇಕು, ಸ್ಪ್ಯಾಮ್ ಕಳಿಸಬೇಕು. ಅಲ್ಲಿ ಅವನನ್ನು ಹಿಡಿಯಬಹುದು.

ನಮ್ಮ ವೆಬ್ ಸರ್ವರ್ ಹೊರಗೆ 25ನೇ ಪೋರ್ಟ್‌ಗೆ ಹೋಗುವಂತಿಲ್ಲ. ತಾಣಗಳ ಸಂಪರ್ಕ ಫಾರ್ಮ್‌ಗಳಿಂದ ಮೇಲ್ ಹೋಗಬೇಕಾದರೆ ನಮ್ಮ ಮೇಲ್ ಸರ್ವರ್‌ನ 587ಕ್ಕೆ ಬಂದು, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು, ಗಂಟೆಗಿಷ್ಟು ಎಂಬ ಮಿತಿಯೊಳಗೆ ಹೋಗಬೇಕು. ಡಿಎನ್‌ಎಸ್ ಬೇಕಿದ್ದರೆ ಬಾಕ್ಸ್ ಅನ್ನೇ ಕೇಳಬೇಕು, ಯುಡಿಪಿ ಮತ್ತು ಟಿಸಿಪಿ ಎಂಬ ಎರಡೂ ಸಾಗಣೆ ವಿಧಾನಗಳಲ್ಲಿ. ಮೇಲ್‌ನ ಸಹಿ ಪರೀಕ್ಷಿಸಲು ಬಳಸುವ ಉದ್ದದ ಡಿಕಿಮ್ ದಾಖಲೆಗಳು ಟಿಸಿಪಿ ಇಲ್ಲದೆ ಕೆಲವೊಮ್ಮೆ ಬರುವುದಿಲ್ಲ. ಸಮಯಕ್ಕೆ 123ನೇ ಪೋರ್ಟ್, ಅದೂ ಬಾಕ್ಸ್‌ಗೆ ಮಾತ್ರ. 443ಕ್ಕೆ ಹೊರಹೋಗಲು ಒಂದು ಅಲಯಾಸ್ (ವಿಳಾಸಗಳ ಗುಂಪಿಗಿಟ್ಟ ಹೆಸರು) ಪಟ್ಟಿ ಇದೆ: ವರ್ಡ್‌ಪ್ರೆಸ್ ಅಪ್‌ಡೇಟ್, ಹಣಪಾವತಿ ಗೇಟ್‌ವೇ, ಆಪರೇಟಿಂಗ್ ಸಿಸ್ಟಂನ ಕನ್ನಡಿ ತಾಣ (ಪ್ಯಾಕೇಜುಗಳ ಪ್ರತಿ ಇರುವ ಮಿರರ್). ಇದಿಷ್ಟನ್ನು ಬಿಟ್ಟು ಉಳಿದದ್ದೆಲ್ಲ ಬಂದ್, ಬಂದ್ ಆದ ಪ್ರತಿಯೊಂದೂ ಲಾಗ್‌ನಲ್ಲಿ.

ಒಮ್ಮೆ ಬೆಳಿಗ್ಗೆ ಲೈವ್ ವ್ಯೂ (ಆ ಕ್ಷಣದ ಲಾಗ್) ತೆರೆದರೆ ವೆಬ್ ಸರ್ವರ್‌ನ ಇಂಟರ್‌ಫೇಸ್ ತುಂಬ ಕೆಂಪು ಸಾಲುಗಳು. ಜಗತ್ತಿನ ಎಲ್ಲೆಲ್ಲಿಯೋ ಇರುವ ಮೇಲ್ ಸರ್ವರ್‌ಗಳ 25ನೇ ಪೋರ್ಟ್‌ಗೆ ಅದು ಬಡಿಯುತ್ತಿತ್ತು. ಒಂದು ತಾಣದ ಹಳೆಯ ಪ್ಲಗಿನ್ ಮೂಲಕ ಯಾರೋ ಅಪ್‌ಲೋಡ್ ಫೋಲ್ಡರ್‌ಗೆ ಪಿಎಚ್‌ಪಿ ಕಡತ ತೂರಿಸಿದ್ದರು. ಕಡತ ಕೆಲಸ ಮಾಡುತ್ತಿತ್ತು, ಸ್ಪ್ಯಾಮ್ ಕಳಿಸುವ ಪ್ರಯತ್ನ ಇರುಳೆಲ್ಲ ನಡೆದಿತ್ತು, ಆದರೆ ಒಂದೇ ಒಂದು ಪತ್ರವೂ ಹೊರಗೆ ಹೋಗಿರಲಿಲ್ಲ. ಹೋಗಿದ್ದರೆ ನಮ್ಮ ವಿಳಾಸ ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿಗಳಿಗೆ ಸೇರುತ್ತಿತ್ತು, ನೆರೆಯ ವಿಳಾಸದಲ್ಲಿರುವ ಮೇಲ್ ಸರ್ವರ್‌ಗೂ ಕಳಂಕ ತಟ್ಟಬಹುದಿತ್ತು. ಆ ದಿನ ತಾಣ ಸ್ವಚ್ಛ ಮಾಡುವಷ್ಟರಲ್ಲಿ ಕೆಲಸ ಮುಗಿಯಿತು, ಯಾವ ಗ್ರಾಹಕರ ಪತ್ರವೂ ನಿಲ್ಲಲಿಲ್ಲ. ಇದನ್ನು ಮಾಡಿದ್ದು ಯಾವುದೋ ದುಬಾರಿ ಚಂದಾ ಅಲ್ಲ, ಒಂದು ಸಾಲಿನ ರೂಲ್.

ಇಂಥ ಹೊತ್ತಿನಲ್ಲಿ ನೆನಪಿಡಬೇಕಾದದ್ದೊಂದಿದೆ. ಹೊಸ ಬ್ಲಾಕ್ ರೂಲ್ ಹಾಕಿದ ಕೂಡಲೇ ಆಗಲೇ ನಡೆಯುತ್ತಿರುವ ಸಂಪರ್ಕ ಕಡಿದುಹೋಗುವುದಿಲ್ಲ. ಸ್ಟೇಟ್ ಟೇಬಲ್‌ನಲ್ಲಿ ಆ ವಿಳಾಸದ ನಮೂದುಗಳನ್ನು ಕೈಯಾರೆ ಅಳಿಸಬೇಕು.

443ರ ಪಟ್ಟಿ ಕಾಯುವುದು ಸುಲಭವೆಂದು ಹೇಳಲಾರೆ. ಹೆಸರಿನ ಅಲಯಾಸ್ ಅನ್ನು ಬಾಕ್ಸ್ ಕೆಲವು ನಿಮಿಷಗಳಿಗೊಮ್ಮೆ ಐಪಿಗೆ ಬದಲಿಸಿಕೊಳ್ಳುತ್ತದೆ. ದೊಡ್ಡ ಸಿಡಿಎನ್‌ಗಳ (ತಾಣದ ಪ್ರತಿಗಳನ್ನು ಹಲವೆಡೆಯಿಂದ ಹಂಚುವ ಜಾಲ) ಹಿಂದಿರುವ ತಾಣಗಳ ಐಪಿ ಅದಕ್ಕಿಂತ ಬೇಗ ಬದಲಾಗುತ್ತದೆ, ಅಪ್‌ಡೇಟ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಆಪರೇಟಿಂಗ್ ಸಿಸ್ಟಂನ ಪ್ಯಾಕೇಜುಗಳಿಗೆ ಲ್ಯಾನ್‌ನಲ್ಲೊಂದು ಕ್ಯಾಶ್ ಸರ್ವರ್ (ಇಳಿಸಿದ್ದನ್ನು ಕೂಡಿಟ್ಟು ಹಂಚುವ ಯಂತ್ರ) ಇಟ್ಟು, ಅದರ ಒಂದೇ ಪೋರ್ಟ್‌ಗೆ ದಾರಿ ಬಿಟ್ಟ ಮೇಲೆ ಆ ಕಾಟ ಕಡಿಮೆಯಾಯಿತು. ಗ್ರಾಹಕರು ಹೊಸ ಪ್ಲಗಿನ್ ಹಾಕಿದಾಗಲೆಲ್ಲ ಫೋನ್ ಬರುವುದು ಮಾತ್ರ ನಿಂತಿಲ್ಲ. ಆ ಫೋನನ್ನು ನಾನು ಸ್ವಾಗತಿಸುತ್ತೇನೆ. ತಾಣ ಯಾರ ಜೊತೆ ಮಾತಾಡುತ್ತಿದೆ ಎಂಬುದು ನನಗೆ ಗೊತ್ತಾಗುತ್ತದೆ.

ದೇಶವಾರು ತಡೆ, ಅಂದರೆ ಜಿಯೋಐಪಿ, ತುಂಬ ಜನರಿಗೆ ಇಷ್ಟ. ಯಾವ ಐಪಿ ಯಾವ ದೇಶದ್ದೆಂಬ ಪಟ್ಟಿ ಕೊಡುವ ಮ್ಯಾಕ್ಸ್‌ಮೈಂಡ್‌ನಿಂದ ಉಚಿತ ಕೀಲಿ ತೆಗೆದುಕೊಂಡರೆ ಓಪಿಎನ್‌ಸೆನ್ಸ್‌ನಲ್ಲಿ ಕೆಲಸ ಮಾಡುತ್ತದೆ. ಆದರೆ ಎಲ್ಲಿ ಹಾಕಬೇಕು ಎಂಬುದನ್ನು ಯೋಚಿಸಿ. 25ಕ್ಕೆ ಹಾಕಬಾರದು, ಪತ್ರ ಯಾವ ದೇಶದಿಂದಲೂ ಬರಬಹುದು. 587, 993ಕ್ಕೆ ಹಾಕಬಹುದು, ವಿದೇಶಕ್ಕೆ ಹೋಗುವವರಿಗೆ ವಿಪಿಎನ್ ಕೊಟ್ಟು. 80ಕ್ಕೆ ಹಾಕಿದರೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಡುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರದ ನವೀಕರಣ ಮುರಿಯುತ್ತದೆ. 2020ರಿಂದ ಅದು ಬೇರೆ ಬೇರೆ ಜಾಗಗಳಿಂದ ಒಟ್ಟಿಗೇ ತಾಣವನ್ನು ಪರಿಶೀಲಿಸುತ್ತದೆ. 80ನೇ ಪೋರ್ಟ್ ಅನ್ನೇ ಮುಚ್ಚಿದರೂ ಇದೇ ಗತಿ. ಬೇಡವೆಂದರೆ ಡಿಎನ್‌ಎಸ್ ಮೂಲಕ ಪರಿಶೀಲಿಸುವ ವಿಧಾನಕ್ಕೆ ಬದಲಾಯಿಸಿಕೊಳ್ಳಿ. ಸ್ಪ್ಯಾಮ್‌ಹೌಸ್‌ನ ಡ್ರಾಪ್ ಪಟ್ಟಿಯನ್ನು ಮಾತ್ರ ಕಣ್ಣುಮುಚ್ಚಿ ಎಲ್ಲ ಪೋರ್ಟ್‌ಗಳಿಗೂ, ಎರಡೂ ದಿಕ್ಕಿಗೂ ಹಾಕಬಹುದು. ಅದರಲ್ಲಿರುವುದು ದುಷ್ಟರ ಕೈಗೆ ಹೋದ ಇಡೀ ಐಪಿ ಗುಚ್ಛಗಳು.

ಐಸಿಎಂಪಿಯನ್ನು (ಪಿಂಗ್ ಮತ್ತು ದೋಷ ಸೂಚನೆಗಳು ಸಾಗುವ ಪ್ರೋಟೋಕಾಲ್) ಪೂರ್ತಿ ಮುಚ್ಚಿದರೆ ಸುರಕ್ಷಿತ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ದಾರಿಯಲ್ಲಿ ಪ್ಯಾಕೆಟ್ ದೊಡ್ಡದಾಯಿತೆಂದು ಹೇಳುವ ಸಂದೇಶ ಅದರಲ್ಲೇ ಬರುವುದು. ಅದು ನಿಂತರೆ ಚಿಕ್ಕ ಪತ್ರಗಳು ಹೋಗುತ್ತವೆ, ಅಟ್ಯಾಚ್‌ಮೆಂಟ್ ಇರುವವು ಅರ್ಧದಲ್ಲೇ ನಿಲ್ಲುತ್ತವೆ. ಹೊಸ ವಿಳಾಸ ಪದ್ಧತಿಯಾದ ಐಪಿವಿ6ನಲ್ಲಂತೂ ಅದಿಲ್ಲದೆ ನಡೆಯುವುದೇ ಇಲ್ಲ.

ಸುರಿಕಾಟ ಎಂಬ ಅತಿಕ್ರಮಣ ಪತ್ತೆ ವ್ಯವಸ್ಥೆಯೂ ಒಳಗೇ ಇದೆ. ಕೆಲ ಕಾಲ ಓಡಿಸಿದೆ, ಈಗ ವ್ಯಾನ್ ಮೇಲೆ ನಿಲ್ಲಿಸಿದ್ದೇನೆ. 443, 465, 993 ಎಲ್ಲವೂ ಗೂಢಲಿಪಿಯಲ್ಲಿರುವಾಗ ಅದಕ್ಕೆ ಕಾಣುವುದು ಕಡಿಮೆ, ಪ್ರೊಸೆಸರ್ ತಿನ್ನುವುದು ಹೆಚ್ಚು. ಪಾಸ್‌ವರ್ಡ್ ಊಹಿಸುವವರನ್ನು ಹಿಡಿಯುವುದು ಮೇಲ್ ಸರ್ವರ್‌ನಲ್ಲಿರುವ ಫೇಲ್‌ಟುಬ್ಯಾನ್. ಅದು ಕಂಡುಹಿಡಿದ ವಿಳಾಸವನ್ನು ಎಪಿಐ ಮೂಲಕ ಬಾಕ್ಸ್‌ನ ಅಲಯಾಸ್‌ಗೆ ಕಳಿಸುತ್ತದೆ, ಆ ವಿಳಾಸಕ್ಕೆ ಮೇಲ್ ಮಾತ್ರವಲ್ಲ, ವೆಬ್ ಬಾಗಿಲೂ ಮುಚ್ಚುತ್ತದೆ. ಈ ಜೋಡಣೆ ನನಗೆ ತುಂಬ ಹಿಡಿಸಿದೆ. ಹಿಂದಿನ ತಲೆಮಾರಿನ ಕೆಲವು ಫೈರ್‌ವಾಲ್‌ಗಳು ಎಸ್‌ಎಂಟಿಪಿ (ಮೇಲ್ ಸಾಗಿಸುವ ಪ್ರೋಟೋಕಾಲ್) ಮಾತುಕತೆಯಲ್ಲೇ ಕೈಹಾಕಿ, ಸ್ವಾಗತ ಸಾಲನ್ನು ನಕ್ಷತ್ರ ಚಿಹ್ನೆಗಳಿಂದ ಮುಚ್ಚಿ, ಗೂಢಲಿಪಿಗೆ ಬದಲಾಗಲು ಬೇಕಾದ ಸ್ಟಾರ್ಟ್‌ಟಿಎಲ್‌ಎಸ್ ಅನ್ನೇ ಮರೆಮಾಡುತ್ತಿದ್ದವು. ಹಳೆಯ ಬಾಕ್ಸ್ ಇದ್ದವರು ಆ ತಪಾಸಣೆಯನ್ನು ನಿಲ್ಲಿಸಿಬಿಡುವುದು ಒಳ್ಳೆಯದು.

ಲಾಗ್ ವಿಷಯದಲ್ಲಿ ಕಾನೂನೂ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಪಟ್ಟಿ ಮಾಡಿದ ಬಗೆಯ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯ ಸರ್ವರ್‌ಗಳ, ಇಲ್ಲವೇ ಅವನ್ನು ಅನುಸರಿಸುವ ಸರ್ವರ್‌ಗಳ ಜೊತೆ ಹೊಂದಿಸಬೇಕು. ಬಾಕ್ಸ್‌ನ ಪುಟ್ಟ ಎಸ್‌ಎಸ್‌ಡಿಯನ್ನು ಇದಕ್ಕೆ ನೆಚ್ಚಬೇಡಿ. ನಮ್ಮಲ್ಲಿ ಲಾಗ್ ಎಲ್ಲವೂ ಸಿಸ್‌ಲಾಗ್ ಮೂಲಕ ಲ್ಯಾನ್‌ನ ಬೇರೊಂದು ಯಂತ್ರಕ್ಕೆ ಹೋಗುತ್ತದೆ. ವ್ಯಾನ್ ಕಡೆಯ ಲಾಗ್ ದಿನವಿಡೀ 22, 23, 445, 3389ಕ್ಕೆ ಬಡಿಯುವವರಿಂದಲೇ ತುಂಬಿರುತ್ತದೆ, ಅದನ್ನು ನೋಡಿ ನಿದ್ದೆಗೆಡಬೇಕಾಗಿಲ್ಲ. ದಿನಾ ಓದಬೇಕಾದದ್ದು ಸರ್ವರ್ ಇಂಟರ್‌ಫೇಸ್‌ಗಳಲ್ಲಿ ಹೊರಗೆ ಹೋಗಲು ಹೊರಟು ತಡೆದ ಸಾಲುಗಳು. ಅವು ಕೆಲವೇ ಇರುತ್ತವೆ, ಪ್ರತಿಯೊಂದಕ್ಕೂ ಕಾರಣ ಇರುತ್ತದೆ.

ಅರ್ಧ ಅಂಕ ಕಳೆದದ್ದು ನಿರ್ವಹಣೆಗೆ. ಜನವರಿ ಮತ್ತು ಜುಲೈನಲ್ಲಿ ದೊಡ್ಡ ಆವೃತ್ತಿ ಬರುತ್ತದೆ, ನಡುವೆ ಚಿಕ್ಕವು ಬರುತ್ತಲೇ ಇರುತ್ತವೆ. ಬಿಟ್ಟರೆ ಸುರಕ್ಷತೆ ಹೋಗುತ್ತದೆ, ಹಾಕಿದರೆ ರೀಬೂಟ್ ಬೇಕು. ಮೆನುಗಳ ಜಾಗ ಬದಲಾಗುತ್ತಿರುವುದರಿಂದ ಹಳೆಯ ಟಿಪ್ಪಣಿ ಹಿಡಿದು ಕೂತರೆ ಸೆಟ್ಟಿಂಗ್ ಸಿಗುವುದಿಲ್ಲ. ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಮೇಲೆ ಹಾಕಿದ್ದರೆ ಅಪ್‌ಗ್ರೇಡ್‌ಗೆ ಮುಂಚೆ ಸ್ನ್ಯಾಪ್‌ಶಾಟ್ ತೆಗೆದಿಡಬಹುದು, ಕೆಟ್ಟರೆ ಹಿಂದಕ್ಕೆ ಹೋಗಬಹುದು. ಮೇಲಿಂದ ಮೇಲೆ ಕರೆಂಟ್ ಹೋಗುವ ಕಡೆಗೂ ಝಡ್‌ಎಫ್‌ಎಸ್ ಒಳ್ಳೆಯದು, ಯುಪಿಎಸ್ ಇದ್ದರೂ ಸಹ. ಇಡೀ ಸೆಟ್ಟಿಂಗ್ ಒಂದೇ ಎಕ್ಸ್‌ಎಂಎಲ್ ಕಡತದಲ್ಲಿದೆ. ಅದರ ಪ್ರತಿಯೊಂದನ್ನು ಬಾಕ್ಸ್‌ನ ಹೊರಗೆ ಇಟ್ಟುಕೊಂಡರೆ ಅಂಥದೇ ಇನ್ನೊಂದು ಬಾಕ್ಸ್‌ಗೆ ಹಾಕಿ ಬೇಗ ಮೇಲೇಳಬಹುದು. ಎರಡು ಬಾಕ್ಸ್‌ಗಳನ್ನು ಕಾರ್ಪ್‌ನಿಂದ ಜೋಡಿ ಮಾಡಿ ಒಂದು ಸತ್ತರೆ ಇನ್ನೊಂದು ಎದ್ದು ನಿಲ್ಲುವಂತೆಯೂ ಮಾಡಬಹುದು. ನಮ್ಮ ಬಜೆಟ್‌ಗೆ ಬೀರುವಿನಲ್ಲಿರುವ ಹೆಚ್ಚುವರಿ ಬಾಕ್ಸ್ ಸಾಕಾಗಿದೆ.

ಫೋನ್ ಮಾಡಿದರೆ ಎತ್ತುವ ಸಹಾಯವಾಣಿ ಬೇಕೆನ್ನುವವರು ಹಣ ಕೊಟ್ಟು ಬೆಂಬಲ ಕೊಳ್ಳಬೇಕು. ಲೈನ್ ತುಂಬಿಹೋಗುವಂಥ ಡಿಡಾಸ್ ದಾಳಿಗೆ ಈ ಬಾಕ್ಸ್ ಉತ್ತರವಲ್ಲ. ದಟ್ಟಣೆ ಬಾಕ್ಸ್ ತಲುಪುವ ಮೊದಲೇ ಲೈನ್ ಮುಚ್ಚಿರುತ್ತದೆ, ಅದನ್ನು ತಡೆಯಬೇಕಾದವರು ಮೇಲಿನ ಸೇವಾದಾರರು. ನೆಟ್‌ವರ್ಕ್ ಕಲಿಯುವ ಮನಸ್ಸಿರುವ ಒಬ್ಬರಾದರೂ ಸಂಸ್ಥೆಯಲ್ಲಿದ್ದರೆ ಧೈರ್ಯವಾಗಿ ಕೊಳ್ಳಿ.

ಕೊಳ್ಳುವ ಮೊದಲು ನಿಮ್ಮ ಇಂಟರ್ನೆಟ್ ಸೇವಾದಾರರಿಗೆ ಮೂರು ಪ್ರಶ್ನೆ ಕೇಳಿ: ಒಂದಕ್ಕಿಂತ ಹೆಚ್ಚು ಸ್ಟ್ಯಾಟಿಕ್ ಐಪಿ ಕೊಡುತ್ತೀರಾ, 25ನೇ ಪೋರ್ಟ್ ಎರಡೂ ದಿಕ್ಕಿಗೆ ತೆರೆದಿದೆಯೇ, ರಿವರ್ಸ್ ಡಿಎನ್‌ಎಸ್ ನಾವು ಹೇಳಿದ ಹೆಸರಿಗೆ ಹಾಕಿಕೊಡುತ್ತೀರಾ. ಉತ್ತರ ಇಮೇಲ್‌ನಲ್ಲಿ ಬರಹರೂಪದಲ್ಲಿ ಬಂದ ಮೇಲೆ ಆರ್ಡರ್ ಮಾಡಿ.