ನೀರುಬ್ರಾಹ್ಮಿ ಕ್ಯಾಪ್ಸೂಲ್: ಹನ್ನೆರಡು ವಾರ ಸೇವಿಸಿದ ಮೇಲೆ

ಪ್ರೌಢಶಾಲೆಯಲ್ಲಿ ಇಪ್ಪತ್ತಮೂರು ವರ್ಷಗಳಿಂದ ಪಾಠ ಮಾಡುತ್ತಿರುವ ನನಗೆ ಕಳೆದ ಜೂನ್‌ನಲ್ಲಿ ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಮಕ್ಕಳ ಹೆಸರುಗಳು ಎರಡು ವಾರ ಕಳೆದರೂ ನಾಲಿಗೆಗೆ ಬರಲಿಲ್ಲ. "ಕಿಟಕಿ ಪಕ್ಕದವನೇ, ಎದ್ದು ನಿಲ್ಲು" ಎಂದು ಕರೆಯುವ ಮೇಷ್ಟ್ರಾಗಬಾರದೆಂಬ ಹಟ ಮೊದಲಿನಿಂದಲೂ ಇದ್ದುದರಿಂದ, ಸಹೋದ್ಯೋಗಿಯೊಬ್ಬರ ಮಾತು ಕೇಳಿ, ನೆನಪಿನ ಶಕ್ತಿಗೆಂದು ಮಾರುವ ನೀರುಬ್ರಾಹ್ಮಿಯ ಕ್ಯಾಪ್ಸೂಲ್‌ಗಳನ್ನು ಎರಡು ಡಬ್ಬಿ ತರಿಸಿದೆ. ಒಂದು ಡಬ್ಬಿಗೆ 480 ರೂಪಾಯಿ, ಒಳಗೆ 60 ಕ್ಯಾಪ್ಸೂಲ್, ಪ್ರತಿಯೊಂದರಲ್ಲೂ 300 ಮಿಲಿಗ್ರಾಂ ಸಾರ, ದಿನಕ್ಕೊಂದು. ತಯಾರಕರ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಹೇಳಬೇಕಾದ ಮಾತು ಆ ಒಂದು ಕಂಪನಿಗಷ್ಟೇ ಸಂಬಂಧಿಸಿದ್ದಲ್ಲ.

ಮೊದಲಿಗೆ ಹೆಸರಿನ ಗೊಂದಲವನ್ನು ಬಿಡಿಸಬೇಕು. ನಮ್ಮ ಕಡೆ ಬ್ರಾಹ್ಮಿ ಎಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಒಂದೆಲಗ. ತೋಟದ ತೇವದಲ್ಲಿ ಹಬ್ಬುವ, ತಂಬುಳಿಗೆ ಅರೆಯುವ ಸೊಪ್ಪು, ತುಳುವರ ತಿಮರೆ. ಅದು ಸೆಂಟೆಲ್ಲಾ ಏಷ್ಯಾಟಿಕಾ. ಕ್ಯಾಪ್ಸೂಲಿನಲ್ಲಿರುವುದು ಬಕೋಪಾ ಮೊನ್ನಿಯೇರಿ, ಕೆಸರು ನೆಲದಲ್ಲಿ ಬೆಳೆಯುವ ದಪ್ಪನೆಯ ಸಣ್ಣ ಎಲೆಯ ಬೇರೆಯೇ ಗಿಡ. ಚರಕಸಂಹಿತೆಯು ಮೇಧ್ಯ ರಸಾಯನಗಳೆಂದು, ಅಂದರೆ ಬುದ್ಧಿಗೆ ಬಲ ಕೊಡುವ ಔಷಧಗಳೆಂದು, ಹೆಸರಿಸುವ ನಾಲ್ಕು ಮಂಡೂಕಪರ್ಣಿ, ಯಷ್ಟಿಮಧು, ಅಮೃತಬಳ್ಳಿ ಮತ್ತು ಶಂಖಪುಷ್ಪಿ. ಇವುಗಳಲ್ಲಿ ಮಂಡೂಕಪರ್ಣಿಯೆಂದು ಸಾಮಾನ್ಯವಾಗಿ ಗುರುತಿಸುವುದು ಒಂದೆಲಗವನ್ನೇ ಹೊರತು ನೀರುಬ್ರಾಹ್ಮಿಯನ್ನಲ್ಲ. "ಹಿತ್ತಲಲ್ಲಿ ಬೇಕಾದಷ್ಟು ಬಿದ್ದಿದೆಯಲ್ಲೋ, ಅದಕ್ಕೆ ದುಡ್ಡು ಕೊಟ್ಟೆಯಾ?" ಎಂದು ಕೇಳಿದ ಅಮ್ಮನಿಗೆ ಇದು ಆ ಗಿಡವಲ್ಲವೆಂದು ವಿವರಿಸಿದೆನಾದರೂ, ಅವಳು ಅದನ್ನು ನಂಬಿದಂತೆ ಕಾಣಲಿಲ್ಲ.

ನೀರುಬ್ರಾಹ್ಮಿಗೆ ಪ್ರಯೋಗದ ಆಧಾರ ಇಲ್ಲವೇ ಇಲ್ಲವೆಂದಲ್ಲ. ನಲವತ್ತರಿಂದ ಅರವತ್ತೈದು ವಯಸ್ಸಿನ 76 ಮಂದಿಯ ಮೇಲೆ ಮೂರು ತಿಂಗಳು ನಡೆದು 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಹೊಸ ವಿಷಯವನ್ನು ಕಲಿಯುವ ವೇಗ ಹೆಚ್ಚಲಿಲ್ಲ, ಆದರೆ ಕಲಿತದ್ದು ಮರೆತುಹೋಗುವ ಪ್ರಮಾಣ ಕಡಿಮೆಯಾಯಿತು. ಅಂದರೆ ಪರಿಣಾಮ ಇದ್ದರೂ ಅದು ನಿಧಾನದ್ದು, ಸಣ್ಣದು, ಒಂದು ನಿರ್ದಿಷ್ಟ ಬಗೆಯದು. ಹೀಗಿರುವಾಗ ನಾಲ್ಕನೆಯ ದಿನವೇ ನನಗೆ ತಲೆ ತಿಳಿಯಾದಂತೆ ಅನ್ನಿಸಿ, ಶಿಕ್ಷಕರ ಸಭೆಯಲ್ಲಿ ಎಂದಿಗಿಂತ ಹೆಚ್ಚು ಮಾತನಾಡಿದೆನೆಂದರೆ, ಅದಕ್ಕೆ ಗಿಡವನ್ನು ಹೊಣೆ ಮಾಡಲು ಬರುವುದಿಲ್ಲ. ಕೆಲಸ ಮಾಡಿದ್ದು ಡಬ್ಬಿ ಕೊಂಡಿದ್ದೇನೆಂಬ ಅರಿವು.

ಆ ಅರಿವಿಗೆ ಇನ್ನೊಂದು ಮುಖವೂ ಇತ್ತು. ಪರಿಣಾಮವನ್ನು ಅಳೆಯಬೇಕೆಂದು ಪುಟ್ಟ ನೋಟ್‌ಬುಕ್ ಇಟ್ಟು, ಮರೆತ ಪ್ರತಿಯೊಂದನ್ನೂ ಅದೇ ದಿನ ಬರೆಯತೊಡಗಿದೆ. ಮೊದಲ ವಾರ ಹನ್ನೊಂದು ಸಲ ಮರೆತಿದ್ದೆ. ಹಿಂದೆಯೂ ಅಷ್ಟೇ ಮರೆಯುತ್ತಿದ್ದೆನೋ ಏನೋ, ಎಣಿಸಿರಲಿಲ್ಲ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಅದುವರೆಗೆ ಮನೆಯವರು ನಗುವ ಸಂಗತಿಯಾಗಿತ್ತು. ನೋಟ್‌ಬುಕ್ ಬಂದ ಮೇಲೆ ಅದು ರೋಗಲಕ್ಷಣವಾಯಿತು. ನಲವತ್ತೊಂಬತ್ತರ ಗಟ್ಟಿಮುಟ್ಟಾದ ಮನುಷ್ಯನೊಬ್ಬ ಒಂದೇ ತಿಂಗಳಲ್ಲಿ ತನ್ನನ್ನು ತಾನು ಮರೆಗುಳಿಯೆಂದು ಪರಿಚಯಿಸಿಕೊಳ್ಳಲಾರಂಭಿಸಿದ. ಜಮಾ ಖರ್ಚಿನ ಲೆಕ್ಕವೂ ವಿಚಿತ್ರವಾಗಿತ್ತು: ನೆನಪಾದರೆ ಕ್ಯಾಪ್ಸೂಲಿನ ಪುಣ್ಯ, ಮರೆತರೆ ನನ್ನ ವಯಸ್ಸಿನ ಪಾಪ.

ಹನ್ನೆರಡನೆಯ ವಾರದ ಹೊತ್ತಿಗೆ ಎಣಿಕೆ ನಾಲ್ಕಕ್ಕೆ ಇಳಿದಿತ್ತು. ಆದರೆ ಅದು ಸೆಪ್ಟೆಂಬರ್. ಅಷ್ಟರೊಳಗೆ ಯಾವ ಮೇಷ್ಟ್ರಿಗಾದರೂ ಮಕ್ಕಳ ಹೆಸರು ಬಂದಿರುತ್ತದೆ. ಅಲ್ಲದೆ, ಮರೆತ ಹೆಸರನ್ನು ಸಂಜೆ ಕೈಯಾರೆ ಬರೆಯುವುದಕ್ಕಿಂತ ಉತ್ತಮವಾದ ಕಂಠಪಾಠ ಯಾವುದಿದೆ? ಒಂದು ಲಾಭವನ್ನು ಮಾತ್ರ ನಾನು ಅಲ್ಲಗಳೆಯಲಾರೆ. ಹೆಸರು ಬರುವುದಿಲ್ಲವೇನೋ ಎಂಬ ಅಳುಕು ಕಡಿಮೆಯಾದಾಗ ಹೆಸರು ತಾನಾಗಿ ಬರುತ್ತಿತ್ತು, ಮತ್ತು ಆ ಅಳುಕನ್ನು ಕಡಿಮೆ ಮಾಡಿದ್ದು ಡಬ್ಬಿಯೇ. ಆದರೆ ಈ ಧೈರ್ಯ ಎರವಲಿನದು. ಆಗಸ್ಟ್‌ನಲ್ಲಿ ಸಂಬಂಧಿಕರ ಮದುವೆಗೆಂದು ಶಿರಸಿಗೆ ಹೋದಾಗ ಡಬ್ಬಿ ಮನೆಯಲ್ಲೇ ಉಳಿದಿತ್ತು. ಎರಡು ದಿನವೂ ಬುದ್ಧಿಯನ್ನು ಕಪಾಟಿನಲ್ಲಿಟ್ಟು ಬಂದವನಂತೆ ಇದ್ದೆ, ಯಾರನ್ನಾದರೂ ಹೆಸರು ಹಿಡಿದು ಮಾತನಾಡಿಸಲು ಹಿಂಜರಿದೆ.

ನನ್ನನ್ನು ನಿಜವಾಗಿ ಎಚ್ಚರಿಸಿದ್ದು ಹತ್ತನೆಯ ತರಗತಿಯ ಪೋಷಕರ ಸಭೆ. ನನ್ನ ಕ್ಯಾಪ್ಸೂಲಿನ ಸುದ್ದಿ ಹೇಗೋ ತಿಳಿದಿದ್ದ ತಾಯಿಯೊಬ್ಬರು, "ಸರ್, ಇವನಿಗೂ ಕೊಡಲಾ? ಓದಿದ್ದು ನಿಲ್ಲೋದೇ ಇಲ್ಲ" ಎಂದರು. ಹುಡುಗ ಪಕ್ಕದಲ್ಲೇ ನಿಂತು ತನ್ನ ಚಪ್ಪಲಿಯನ್ನು ನೋಡುತ್ತಿದ್ದ. ಆಗಲಿ ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ವೈದ್ಯರನ್ನು ಕೇಳದೆ ಕೊಡಬೇಡಿ, ಅವನು ರಾತ್ರಿ ಹನ್ನೆರಡರವರೆಗೆ ಫೋನ್ ಹಿಡಿಯುವುದನ್ನು ಮೊದಲು ಬಿಡಿಸಿ ಎಂದೆ. ಹದಿನೈದರ ಹುಡುಗನ ಕೈಗೆ ದಿನವೂ ಒಂದು ಕ್ಯಾಪ್ಸೂಲ್ ಇಡುವುದೆಂದರೆ, ನಿನ್ನ ತಲೆಯಲ್ಲಿ ಏನೋ ಕೊರತೆಯಿದೆ ಎಂದು ದಿನವೂ ಹೇಳಿದಂತೆ.

ಕೊಳ್ಳಲೇಬೇಕೆನ್ನುವವರು ಡಬ್ಬಿಯಲ್ಲಿ ಸಸ್ಯದ ಪೂರ್ಣ ಹೆಸರು ಇದೆಯೇ ಎಂದು ನೋಡಬೇಕು. ಈ ಗಿಡದ ಮುಖ್ಯ ಸಕ್ರಿಯ ಅಂಶಗಳೆನ್ನುವ ಬಕೋಸೈಡ್‌ಗಳ ಶೇಕಡಾ ಪ್ರಮಾಣ ಪರೀಕ್ಷಾ ವಿಧಾನ ಬದಲಾದಂತೆ ಬದಲಾಗುವುದರಿಂದ, ಎರಡು ಕಂಪನಿಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲಾಗದು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡ ಮೊದಲ ವಾರ ನನಗೆ ಹೊಟ್ಟೆ ನುಲಿತ, ಭೇದಿ ಎರಡೂ ಆದವು. ರಾತ್ರಿ ಊಟದ ನಂತರಕ್ಕೆ ಬದಲಿಸಿದ ಮೇಲೆ ನಿಂತವು. ಥೈರಾಯ್ಡ್ ಅಥವಾ ಮರೆವಿನ ಕಾಯಿಲೆಗೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ. ಎರಡನೆಯ ಡಬ್ಬಿಯಲ್ಲಿ ಇನ್ನೂ 38 ಕ್ಯಾಪ್ಸೂಲ್‌ಗಳಿವೆ, ಮುಂದುವರಿಸಿಲ್ಲ. ನೋಟ್‌ಬುಕ್ಕಿನಲ್ಲಿ ಈಗ ಮರೆತ ಹೆಸರುಗಳ ಬದಲು ಆ ದಿನ ಹೊಸದಾಗಿ ಕಲಿತವನ್ನು ಬರೆಯುತ್ತಿದ್ದೇನೆ.