ಪುಣೆಯ ಡೆಕ್ಕನ್ ಹತ್ತಿರದ ಭಾನುವಾರದ 'ಕೇಳುವ ಕ್ಲಾಸ್': ದುಡ್ಡಿಗೆ ಮೋಸವಿಲ್ಲ, ಸ್ಪೀಕರ್ ಗತಿ ಮಾತ್ರ ಕೇಳಬೇಡಿ

ಇಲ್ಲಿ ಹಾಡೋದು ಕಲಿಸುವುದಿಲ್ಲ, ಬರೀ ಕೇಳಿಸುತ್ತಾರೆ. ದೊಡ್ಡ ಸಂಗೀತಗಾರರು ಹಿಂದಿನವರ ಧಾಟಿ ಎತ್ತಿಕೊಂಡು ಅದನ್ನ ಏನು ಮಾಡಿದರು ಅನ್ನೋದೇ ವಿಷಯ. ನಾಲ್ಕು ಭಾನುವಾರಕ್ಕೆ ಎರಡು ಸಾವಿರ ರೂಪಾಯಿ. ಕೊತ್ರೂಡಿನ ನಮ್ಮ ಕನ್ನಡದವರು ಸುಮಾರು ಜನ 'ಹೆಂಗಿದೆ, ಸೇರಬಹುದಾ' ಅಂತ ಕೇಳಿದರು, ಅದಕ್ಕೇ ಇದು.

ಮೊದಲು ಮೂಲ ಹಾಕುತ್ತಾರೆ, ಹಿಂದೆಯೇ ಅದರಿಂದ ಹುಟ್ಟಿದ್ದು. ನಡುವೆ ಭಾಷಣವಿಲ್ಲ. ಇಟಲಿಯ ವಿವಾಲ್ಡಿ 1711ರಲ್ಲಿ ಅಚ್ಚು ಹಾಕಿಸಿದ ನಾಲ್ಕು ಪಿಟೀಲಿನ ಕನ್ಚರ್ಟೊ (ಮುಖ್ಯ ವಾದ್ಯಗಳು ವಾದ್ಯವೃಂದದ ಜೊತೆ ನುಡಿಸುವ ರಚನೆ) ಒಂದಿದೆ, ಜರ್ಮನಿಯ ಬಾಖ್ ಅದನ್ನೇ ನಾಲ್ಕು ಹಾರ್ಪ್ಸಿಕಾರ್ಡಿಗೆ ಬರೆದ. ಸುಮ್ನೆ ವಾದ್ಯ ಬದಲಿಸಿದ್ದಾನೆ ಅಂತ ಅನ್ನಿಸುತ್ತದೆ ಅಲ್ವಾ? ಪಿಟೀಲಿನಲ್ಲಿ ಕಮಾನು ಎಳೆದಷ್ಟು ಹೊತ್ತು ಸ್ವರ ನಿಲ್ಲುತ್ತದೆ. ಹಾರ್ಪ್ಸಿಕಾರ್ಡ್ ಪಿಯಾನೊ ಥರ ಕಂಡರೂ ತಂತಿ ಮೀಟುವ ವಾದ್ಯ, ಕೀ ಒತ್ತಿದ ಸ್ವಲ್ಪ ಹೊತ್ತಿಗೇ ಸ್ವರ ಇಳಿದುಹೋಗುತ್ತದೆ. ಹಾಗಾಗಿ ಬಾಖ್ ಎಡಗೈಗೂ ಕೆಲಸ ಕೊಟ್ಟು, ಖಾಲಿ ಬೀಳುವ ಕಡೆಗೆಲ್ಲ ಓಡುವ ಸ್ವರಗಳನ್ನ ತುಂಬಿಸುತ್ತಾನೆ. ಎರಡನ್ನೂ ಪಕ್ಕಪಕ್ಕ ಕೇಳಿದರೆ ಇದು ಯಾರ ವಿವರಣೆಯೂ ಇಲ್ಲದೆ ಕಿವಿಗೆ ಬೀಳುತ್ತದೆ. ಇದೊಂದಕ್ಕೇ ಫೀಸು ಕೊಡಬಹುದು.

ರಷ್ಯಾದ ಸ್ಟ್ರಾವಿನ್ಸ್ಕಿಯ 1920ರ ಬ್ಯಾಲೆ 'ಪುಲ್ಚಿನೆಲ್ಲಾ' ಬಂದಾಗ ಕ್ಲಾಸೆಲ್ಲ ನಕ್ಕಿತು. ಹದಿನೆಂಟನೇ ಶತಮಾನದ ಇಟಲಿಯ ಪೆರ್ಗೊಲೇಸಿಯ ಸಂಗೀತ ಅಂದುಕೊಂಡು ತಗೊಂಡಿದ್ದರಲ್ಲಿ ಎಷ್ಟೋ ಬೇರೆಯವರದಂತೆ. ಸಾಲಪತ್ರ ಒಬ್ಬರ ಹೆಸರಲ್ಲಿ, ದುಡ್ಡು ಇನ್ನೊಬ್ಬರದು!

ಮೂರನೇ ಭಾನುವಾರ ನಾಟ್ಯಸಂಗೀತ, ಅಂದರೆ ಮರಾಠಿ ರಂಗಭೂಮಿಯ ಹಾಡುಗಳು. ಪುಣೆಯಲ್ಲಿ ಇದನ್ನ ಬಿಡೋಕಾಗುತ್ತಾ? 1880ರಲ್ಲಿ ಇದೇ ಊರಲ್ಲಿ 'ಸಂಗೀತ ಶಾಕುಂತಲ' ಆಡಿಸಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು ಅಂದಾಗ ಹಿಂದಿನ ಸಾಲಿನ ಕಾಕೂ ಒಬ್ಬರು ನನ್ನ ಕಡೆ ತಿರುಗಿ 'ಬಘಾ, ತುಮಚೇಚ್' (ನೋಡಿ, ನಿಮ್ಮವರೇ) ಅಂದರು. ಆಮೇಲೆ 1916ರ ನಾಟಕ 'ಸ್ವಯಂವರ'. ಹಿಂದುಸ್ತಾನಿ ಗಾಯಕ ಭಾಸ್ಕರಬುವಾ ಬಖಲೆ ಖಯಾಲಿನ ಚೀಜುಗಳ (ಬಂದಿಶ್‌ಗಳ) ಧಾಟಿಯನ್ನ ನಾಟಕದ ಪದಗಳಿಗೆ ಹೊಂದಿಸಿದ್ದರು. ಬೈಠಕ್ಕಿನಲ್ಲಿ, ಅಂದರೆ ಕಛೇರಿಯಲ್ಲಿ, ನಿಧಾನಕ್ಕೆ ಬೆಳೆಯೋದು ರಂಗದ ಮೇಲೆ ಕೆಲವೇ ನಿಮಿಷದಲ್ಲಿ ಬಿಚ್ಚಿಕೊಳ್ಳಬೇಕು, ಮಾತೂ ಅರ್ಥವಾಗಬೇಕು. ಈ ಭಾಗ ಚೆನ್ನಾಗಿ ಮಾಡಿದರು.

ನನ್ನ ದೂರು ಮುತ್ತುಸ್ವಾಮಿ ದೀಕ್ಷಿತರ ಬಗ್ಗೆ. ಅಂದರೆ ದೀಕ್ಷಿತರಿಗೆ ಕೊಟ್ಟ ಸಮಯದ ಬಗ್ಗೆ. ಬ್ರಿಟಿಷರ ರಾಜಗೀತೆಯ ಧಾಟಿಗೆ 'ಸಂತತಂ ಪಾಹಿ ಮಾಂ' ಅಂತ ಸಂಸ್ಕೃತದಲ್ಲಿ ದೇವಿಯ ಸ್ತುತಿ ಕಟ್ಟಿದವರು ಅವರು. ಶಂಕರಾಭರಣದ ಸ್ವರಗಳೇ, ಆದರೆ ಗಮಕ, ಅಂದರೆ ಸ್ವರದ ಓಲಾಟ, ಹೆಚ್ಚೂಕಡಿಮೆ ಇಲ್ಲ. ದೊಡ್ಡ ದೊಡ್ಡ ಕೃತಿ ಕಟ್ಟಿದ ಮನುಷ್ಯ ಇಲ್ಲಿ ಬೇಕಂತಲೇ ಕೈ ಬಿಗಿಹಿಡಿದಿದ್ದಾರೆ. ಇಷ್ಟು ರುಚಿಯಾದ ವಿಷಯವನ್ನ ಕೊನೆಯ ಹತ್ತು ನಿಮಿಷದಲ್ಲಿ ತುರುಕಿ ಮುಗಿಸಿಬಿಟ್ಟರು. ವಿವಾಲ್ಡಿಗೆ ಒಂದು ಗಂಟೆ ಕೊಟ್ಟವರಿಗೆ ದೀಕ್ಷಿತರಿಗೆ ಕೊಡೋಕೆ ಅರ್ಧ ಗಂಟೆ ಸಿಗಲಿಲ್ವಾ?

ಸ್ಪೀಕರ್ ಅಂತೂ ಶಾಲೆ ಗ್ಯಾದರಿಂಗಿನದ್ದು. ಕೆಳಗಿನ ಸ್ವರ ಬಂದರೆ ಗುಂಯ್ ಅನ್ನುತ್ತದೆ. ಕೇಳಿಸೋದೇ ಕೆಲಸವಾಗಿರುವ ಜಾಗದಲ್ಲಿ ಇದು ಜಾಸ್ತಿಯಾಯಿತು. ಫ್ಯಾನಿನ ಸದ್ದೂ ಇದೆ, ಮುಂದಿನ ಎರಡು ಸಾಲಲ್ಲೇ ಕೂತ್ಕೊಳ್ಳಿ.

ಪಾಠ ಮರಾಠಿ, ಇಂಗ್ಲಿಷ್ ಬೆರೆಸಿ. ಸರ್ ಧಾರವಾಡದ ಕಡೆಯವರು, ಚಹಾ ಹೊತ್ತಿನಲ್ಲಿ ಕನ್ನಡದಲ್ಲಿ ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಸ್ವರಲಿಪಿ ಗೊತ್ತಿರಬೇಕಿಲ್ಲ. ಗಾಡಿ ನಿಲ್ಲಿಸೋಕೆ ಜಾಗವಿಲ್ಲ, ಮೆಟ್ರೋದಲ್ಲಿ ಹೋಗಿ.