ಆರ್‌ಟಿಐ ರಿವ್ಯೂ: 10 ರೂಪಾಯಿಗೆ ನಮ್ ರಸ್ತೆ ಚರಂಡಿ ಲೆಕ್ಕ ಸಿಕ್ತು

ಎರಡು ವರ್ಷದಲ್ಲಿ ಮೂರು ಆರ್‌ಟಿಐ ಅರ್ಜಿ, ಅಂದ್ರೆ ಮಾಹಿತಿ ಹಕ್ಕು ಕಾಯ್ದೆಲಿ ಸರ್ಕಾರಿ ದಾಖಲೆ ಕೇಳೋ ಅರ್ಜಿ ಹಾಕಿದೀನಿ, ಒಂದಕ್ಕೆ ಶುಲ್ಕ 10 ರೂಪಾಯಿ, ಮೂರೂ ನಮ್ಮೂರ ನಗರಸಭೆಗೆ, ಪೋಸ್ಟಲ್ ಆರ್ಡರ್ ಸ್ಪೀಡ್ ಪೋಸ್ಟ್ ಜೆರಾಕ್ಸ್ ಎಲ್ಲಾ ಸೇರಿ ಇನ್ನೂ 400 ರೂಪಾಯಿ ದಾಟಿಲ್ಲ. ಸರ್ಕಾರ ಜನರಿಗೆ ಕೊಡೋ ಸರ್ವೀಸ್‌ಗಳಲ್ಲಿ ನಾನು ಬಳಸಿದ್ದರಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಕೆಲಸ ಕೊಟ್ಟಿದ್ದು ಇನ್ಯಾವುದೂ ಇಲ್ಲ, 5ಕ್ಕೆ 4 ಸ್ಟಾರ್ ಕೊಡ್ತೀನಿ, ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ ಮುಂದೆ ಹೇಳ್ತೀನಿ.

ಶುರುವಾಗಿದ್ದು ಮನೆ ಕಂದಾಯದಿಂದ. ಏಪ್ರಿಲ್‌ನಲ್ಲಿ ಕಟ್ಟಿದ್ರೆ 5 ಪರ್ಸೆಂಟ್ ರಿಯಾಯ್ತಿ ಸಿಗತ್ತಲ್ಲ, ಅದಕ್ಕೆ ಅಪ್ಪ ಯಾವಾಗ್ಲೂ ಮೊದಲನೇ ವಾರದಲ್ಲೇ ಹೋಗಿ ಚಲನ್ ತರ್ತಾರೆ, ಆ ಸಲ ಬಂದವರು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಚಲನ್ ನನ್ ಕೈಗಿಟ್ಟು ಇದೇನೋ ಇಷ್ಟೊಂದು ಅಂದ್ರು. ತೆರಿಗೆ 4,000, ಅದರ ಮೇಲೆ ಸೆಸ್ ಅಂದ್ರೆ ಉಪಕರ 1,040, ಒಟ್ಟು 5,040, ಕಸದ ಶುಲ್ಕ ಬೇರೆ. ಅದೇ ಮನೆ, ಒಂದು ಇಟ್ಟಿಗೆನೂ ಜಾಸ್ತಿ ಇಟ್ಟಿಲ್ಲ, ಹಳೇ ರಸೀದಿ ತೆಗೆದು ನೋಡಿದ್ರೆ ಆರು ವರ್ಷದ ಹಿಂದೆ ಎಲ್ಲಾ ಸೇರಿ 2,900 ಚಿಲ್ಲರೆ ಕಟ್ಟಿದ್ವಿ. ಅಪ್ಪಂಗೆ ಬರೋದು ಪೆನ್ಷನ್, ಅದು ಈ ಸ್ಪೀಡಲ್ಲಿ ಏರಲ್ಲ.

ಯಾಕೆ ಇಷ್ಟು ಏರ್ತು ಅಂತ ಕೂತು ಓದ್ದೆ. ಮೊದಲು ನಮ್ ರಾಜ್ಯದ ನಗರಸಭೆ, ಪುರಸಭೆಗಳಲ್ಲಿ ಮೂರು ವರ್ಷಕ್ಕೊಂದ್ಸಲ ತೆರಿಗೆ ಏರಿಸ್ತಿದ್ರು, 2021ರ ತಿದ್ದುಪಡಿ ಆದ್ಮೇಲೆ ಲೆಕ್ಕ ಸಬ್ ರಿಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ಬೆಲೆಗೆ, ಅಂದ್ರೆ ಆಸ್ತಿ ನೋಂದಣಿಗೆ ಸರ್ಕಾರ ನಿಗದಿ ಮಾಡೋ ಬೆಲೆಗೆ ತಗಲಾಕ್ಕೊಂಡಿದೆ, ಜೊತೆಗೆ ಪ್ರತಿ ವರ್ಷ 3ರಿಂದ 5 ಪರ್ಸೆಂಟ್ ಏರಿಸೋದೂ ಬಂದಿದೆ. 2023ರ ಅಕ್ಟೋಬರ್‌ನಲ್ಲಿ ಆ ಮಾರ್ಗಸೂಚಿ ಬೆಲೆಯನ್ನೇ ರಾಜ್ಯದಾದ್ಯಂತ ಏರಿಸಿದ್ರು. 3ಕ್ಕೂ 5ಕ್ಕೂ ಏನ್ ಮಹಾ ವ್ಯತ್ಯಾಸ ಅನ್ಸತ್ತೆ, ಲೆಕ್ಕ ಹಾಕಿ ನೋಡಿ, ವರ್ಷಾ ವರ್ಷ 3 ಏರಿದ್ರೆ ಇವತ್ತಿನ 100 ರೂಪಾಯಿ ಹತ್ತು ವರ್ಷಕ್ಕೆ 134 ಆಗತ್ತೆ, 5 ಏರಿದ್ರೆ 163. ಅದೂ ಮಾರ್ಗಸೂಚಿ ಬೆಲೆ ಮತ್ತೆ ಏರೋದನ್ನ ಬಿಟ್ಟು.

ಇನ್ನೂ ಒಂದು ವಿಷಯ ಗೊತ್ತಾಯ್ತು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಕೇಂದ್ರದ 15ನೇ ಹಣಕಾಸು ಆಯೋಗ ನಗರಗಳಿಗೆ ಗ್ರ್ಯಾಂಟ್ ಕೊಡೋಕೆ ಎರಡು ಷರತ್ತು ಇಟ್ಟಿತ್ತು, ಒಂದು ಆಸ್ತಿ ತೆರಿಗೆಗೆ ಕನಿಷ್ಠ ದರ ನಿಗದಿ ಮಾಡಿ ವಸೂಲಿ ಏರಿಸ್ತಾ ಹೋಗ್ಬೇಕು, ಇನ್ನೊಂದು ಲೆಕ್ಕಪತ್ರಗಳನ್ನ ಜನ ನೋಡೋ ಹಾಗೆ ಆನ್‌ಲೈನ್‌ನಲ್ಲಿ ಹಾಕ್ಬೇಕು. ಮೊದಲನೇದು ನಮ್ ಮನೆ ಬಾಗಿಲಿಗೇ ಬಂತು. ಎರಡನೇದು ಸಿಟಿ ಫೈನಾನ್ಸ್ ಅನ್ನೋ ಪೋರ್ಟಲ್‌ನಲ್ಲಿ ಇದೆ, ಆದ್ರೆ ಅದು ಇಡೀ ಊರಿನ ಒಟ್ಟು ಲೆಕ್ಕ, ನಮ್ ಬೀದಿಗೆ ಎಷ್ಟು ಸುರಿದ್ರು ಅಂತ ಅದರಲ್ಲಿ ಕಾಣಲ್ಲ. ಅಲ್ಲಿಗೆ ಬೇಕಾಗಿದ್ದು ಆರ್‌ಟಿಐ.

ನಮ್ ರಸ್ತೆ ಚರಂಡಿ ವಿಷಯ ಹೇಳ್ತೀನಿ ಕೇಳಿ. ಅದನ್ನ ಒಂದ್ಸಲ ಕಟ್ಟಿದ್ರು, ಚೆನ್ನಾಗೇ ಇತ್ತು, ಒಂದೂವರೆ ವರ್ಷಕ್ಕೆ ಜೆಸಿಬಿ ತಂದು ಒಡೆದು ಮತ್ತೆ ಕಟ್ಟಿದ್ರು. ಅದೇ ಟೈಮಲ್ಲಿ ಸರ್ಕಲ್‌ನಲ್ಲಿ ಸ್ವಾಗತ ಕಮಾನು ಕಟ್ತೀವಿ ಅಂತ ಮಾತು, ಆಫೀಸಲ್ಲಿ ಒಂದು ಚೇಂಬರ್‌ಗೆ ಹೊಸ ಫಾಲ್ಸ್ ಸೀಲಿಂಗ್. ಹಿಂದಿನ ಬೀದಿಲಿ ಇವತ್ತಿಗೂ ಮೂರು ದಿನಕ್ಕೊಂದ್ಸಲ ನೀರು ಬರತ್ತೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರಲ್ಲ ಹಾಗೆ, ಆದ್ರೆ ಇಲ್ಲಿ ಅದು ಯಾರದೋ ದುಡ್ಡಲ್ಲ, ಅಪ್ಪ ಕ್ಯೂನಲ್ಲಿ ನಿಂತು ಕಟ್ಟಿದ್ದು.

ಮೊದಲನೇ ಅರ್ಜಿಲಿ ತಪ್ಪು ಮಾಡ್ದೆ. ನಮ್ ವಾರ್ಡಲ್ಲಿ ಯಾಕೆ ಇಷ್ಟು ಖರ್ಚು, ಯಾಕೆ ಚರಂಡಿ ಎರಡು ಸಲ, ಕಮಾನು ಯಾಕೆ ಅಂತ ಎಲ್ಲಾ ಯಾಕೆ ಯಾಕೆ ಅಂತ ಬರೆದಿದ್ದೆ. ವಾಪಸ್ ಬಂತು, ಪ್ರಶ್ನೆ ರೂಪದಲ್ಲಿದೆ, ಒಂದಕ್ಕಿಂತ ಹೆಚ್ಚು ವಿಷಯ ಇದೆ ಅಂತ. ನಂಗೆ ಸಿಟ್ಟು ಬಂತು, ಆಮೇಲೆ ನಿಯಮ ನೋಡಿದ್ರೆ ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅಂತ ಇದೆ. ಕಾಯ್ದೆ ಕೊಡೋದು ದಾಖಲೆ, ಸಮಜಾಯಿಷಿ ಅಲ್ಲ. ನಮಗೆ ಯಾಕೆ ಬೇಕು ಅಂತ ಕಾರಣ ಹೇಳೋ ಅಗತ್ಯಾನೂ ಇಲ್ಲ, ಕೌಂಟರ್‌ನಲ್ಲಿ ಕೇಳಿದ್ರೂ ಹೇಳ್ಬೇಕಿಲ್ಲ. ಹಾಗಾಗಿ ಏನ್ ದಾಖಲೆ ಇರತ್ತೆ ಅಂತ ಮೊದಲು ತಿಳ್ಕೊಂಡು ಅದರ ಹೆಸರು ಹಿಡಿದು ಕೇಳ್ಬೇಕು.

ಪಿಡಬ್ಲ್ಯುಡಿಲಿ ರಿಟೈರ್ ಆದ ಪಕ್ಕದ ಮನೆ ಅಂಕಲ್ ಹೇಳ್ಕೊಟ್ರು. ಎರಡನೇ ಅರ್ಜಿಲಿ ಇಷ್ಟೇ ಬರೆದೆ: ಇಂಥಾ ವಾರ್ಡಿನ ಇಂಥಾ ಅಡ್ಡರಸ್ತೆ ಚರಂಡಿ ಕಾಮಗಾರಿಯ ಎಸ್ಟಿಮೇಟ್, ವರ್ಕ್ ಆರ್ಡರ್, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಪಾವತಿಯಾದ ಬಿಲ್ಲುಗಳು, ದೃಢೀಕೃತ ಪ್ರತಿ ಕೊಡಿ. ಅಷ್ಟೇ, ನಾಲ್ಕು ಸಾಲು. ಈ ಅಳತೆ ಪುಸ್ತಕ ಅನ್ನೋದೇ ಜೀವ, ಎಂಜಿನಿಯರ್‌ಗಳು ಎಂಬಿ ಅಂತಾರೆ. ಕಾಂಟ್ರಾಕ್ಟರ್‌ಗೆ ಒಂದು ರೂಪಾಯಿ ಹೋಗ್ಬೇಕಾದ್ರೂ ಉದ್ದ ಎಷ್ಟು ಅಗಲ ಎಷ್ಟು ಆಳ ಎಷ್ಟು ಅಂತ ಎಂಜಿನಿಯರ್ ಅದರಲ್ಲಿ ಬರೆದು ಸಹಿ ಹಾಕಿರ್ಬೇಕು. ಎಸ್ಟಿಮೇಟ್‌ನಲ್ಲಿ ಇರೋದು ಮಾಡೋಕೆ ಹೊರಟಿದ್ದು, ಎಂಬಿಲಿ ಇರೋದು ಮಾಡಿದೀವಿ ಅಂತ ಹೇಳಿದ್ದು, ಬಿಲ್ಲು ಕೊಟ್ಟ ದುಡ್ಡು. ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಮಾತೇ ಬೇಡ.

30 ದಿನದೊಳಗೆ ಕೊಡ್ಬೇಕು, ಕೊಡ್ಲಿಲ್ಲ. 34ನೇ ದಿನ ಅದೇ ಆಫೀಸಿನ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಕಳಿಸ್ದೆ. ಅದಾಗಿ ಒಂಬತ್ತು ದಿನಕ್ಕೆ ಫೋನ್ ಬಂತು, ಬಂದು ತಗೊಂಡ್ಹೋಗಿ ಅಂತ. ಪುಟಕ್ಕೆ 2 ರೂಪಾಯಿ ಅಂತ 31 ಪುಟಕ್ಕೆ 62 ಕೇಳಿದ್ರು. ಗಡುವು ದಾಟಿದ್ರೆ ಮಾಹಿತಿ ಉಚಿತವಾಗಿ ಕೊಡ್ಬೇಕು ಅಂತ ಕಾಯ್ದೆಯ 7(6)ನೇ ಸೆಕ್ಷನ್‌ನಲ್ಲಿದೆ, ನಂಗಾಗ ಗೊತ್ತಿರ್ಲಿಲ್ಲ ಕಟ್ಬಿಟ್ಟೆ, ನೀವು ಕಟ್ಬೇಡಿ. ಕಟ್ ಮಾಡಿದ ಒಂದು ಸ್ಟಾರ್ ಇದಕ್ಕೇನೆ. ಕಾಯ್ದೆ ಪ್ರಕಾರ ಲೇಟ್ ಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000ದವರೆಗೆ ದಂಡ ಇದೆ, ಆದ್ರೆ ಅದನ್ನ ಹಾಕೋ ಅಧಿಕಾರ ಮಾಹಿತಿ ಆಯೋಗಕ್ಕೆ ಮಾತ್ರ, ಅಲ್ಲಿಗೆ ಹೋಗ್ಬೇಕಂದ್ರೆ ಎರಡನೇ ಮೇಲ್ಮನವಿ ಹಾಕ್ಬೇಕು, ದಿನಗೂಲಿ ಮಾಡೋರು, ಅಂಗಡಿ ನಡೆಸೋರು ಅಷ್ಟೆಲ್ಲಾ ಓಡಾಡೋಕಾಗತ್ತಾ? ಕಾಯಿಸಿದ್ರೆ ಜನ ಬಿಟ್ಬಿಡ್ತಾರೆ ಅನ್ನೋದು ಕೊಡದೇ ಇರೋರಿಗೂ ಗೊತ್ತಿದೆ.

ಪ್ರತಿ ಕೈಗೆ ಸಿಕ್ಕ ಮೇಲೆ ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ನಾನು, ಆ ಅಂಕಲ್, ಎದುರು ಮನೆ ಹುಡುಗಿ ಮೂರೂ ಜನ 30 ಮೀಟರ್ ಟೇಪ್ ಹಿಡ್ಕೊಂಡು ಇಳಿದ್ವಿ. ಹಾಲಿನವನು ಬೈಕ್ ನಿಲ್ಸಿ ಏನ್ ಸಾರ್ ಸರ್ವೇನಾ ಅಂದ. ಟೇಪ್ ಮುಗಿದಲ್ಲೆಲ್ಲಾ ಆ ಹುಡುಗಿ ಸೀಮೆಸುಣ್ಣದಲ್ಲಿ ಗೆರೆ ಎಳೆಯೋಳು, ಅಂಕಲ್ ಬಗ್ಗಿ ಓದಿ ಗಟ್ಟಿಯಾಗಿ ಹೇಳೋರು, ನಾನು ಬರ್ಕೊಳ್ತಿದ್ದೆ. ಎಂಬಿಲಿ ಉದ್ದ 186 ಮೀಟರ್. ನಮ್ ಟೇಪಲ್ಲಿ 131. ತಪ್ಪಾಯ್ತೇನೋ ಅಂತ ಆ ತುದಿಯಿಂದ ಈ ತುದಿಗೆ ಇನ್ನೊಂದ್ಸಲ ಅಳೆದ್ವಿ, 131ಏ. ಮೂಲೆ ಮನೆ ಮುಂದೆ ಲಾರಿ ಹತ್ತಿ ಚಪ್ಪಡಿ ಒಡೆದಿತ್ತು, ಒಡೆದ ಅಂಚಿಗೆ ಸ್ಕೇಲ್ ಇಟ್ರೆ ದಪ್ಪ ಎರಡೂವರೆ ಇಂಚು, ಎಸ್ಟಿಮೇಟ್‌ನಲ್ಲಿ ಇದ್ದಿದ್ದು ನಾಲ್ಕು. ಅಂಕಲ್ ಏನೂ ಮಾತಾಡ್ಲಿಲ್ಲ, ಆ ಅಂಚನ್ನ ಬೆರಳಲ್ಲಿ ಉಜ್ಜಿದ್ರು, ಮರಳು ಉದುರ್ತು. ಮೂವತ್ತು ವರ್ಷ ಇಂಥಾ ಪುಸ್ತಕಕ್ಕೇ ಸಹಿ ಹಾಕಿದ ಮನುಷ್ಯ ಅವರು, ಮುಖ ನೋಡೋಕೆ ಆಗ್ಲಿಲ್ಲ ನಂಗೆ. ಕಾಯ್ದೆಲಿ ಕಾಮಗಾರಿ ಪರಿಶೀಲನೆ ಮಾಡೋ ಹಕ್ಕು, ಸಾಮಗ್ರಿಯ ಸ್ಯಾಂಪಲ್ ತಗೊಳ್ಳೋ ಹಕ್ಕೂ ಇದೆ, ಅದಕ್ಕೂ ಅರ್ಜಿ ಹಾಕ್ಬೋದು, ನಾವು ಅಲ್ಲಿವರೆಗೆ ಹೋಗ್ಲಿಲ್ಲ, ಫೋಟೋ ಸಾಕಾಯ್ತು.

ಜನವರಿಲಿ ಬಜೆಟ್ ಪೂರ್ವಭಾವಿ ಸಭೆ ಕರೀತಾರೆ, ಸಾರ್ವಜನಿಕರು ಹೋಗ್ಬೋದು, ಪೇಪರ್‌ನಲ್ಲಿ ಸಣ್ಣ ಪ್ರಕಟಣೆ ಬರತ್ತೆ. ಯಾವಾಗ್ಲೂ ಹತ್ತು ಹನ್ನೆರಡು ಜನ ಬಂದು ಬೀದಿದೀಪ ಹಂದಿ ನಾಯಿ ಅಂತ ಹೇಳಿ ಟೀ ಕುಡಿದು ಹೋಗೋ ಸಭೆ. ಆ ಸಲ ನಮ್ ಬೀದಿಯಿಂದಲೇ 40 ಜನ ಹೋದ್ವಿ, ಹೆಂಗಸರೇ ಜಾಸ್ತಿ. ಕೂಗಾಟ ಮಾಡ್ಬಾರ್ದು, ಮೈಕ್ ಸಿಕ್ಕಿದ್ರೆ ಒಬ್ರೇ ಮಾತಾಡ್ಬೇಕು, ಪಕ್ಷದ ಹೆಸರು ಎತ್ತಬಾರ್ದು ಅಂತ ಮೊದಲೇ ಮಾತಾಡ್ಕೊಂಡಿದ್ವಿ. ಎಂಬಿ ಪುಟದ ಪ್ರತಿ, ಟೇಪ್ ಹಿಡಿದ ಫೋಟೋ ಎರಡನ್ನೂ ಒಂದೇ ಹಾಳೆಲಿ ಹಾಕಿ 60 ಜೆರಾಕ್ಸ್ ಹಂಚಿದ್ವಿ. ಕೇಳಿದ್ದು ಮೂರೇ, 55 ಮೀಟರ್ ಲೆಕ್ಕ ಕೊಡಿ, ಕಮಾನು ಕೈಬಿಡಿ, ತೆರಿಗೆ 5 ಏರಿಸೋ ಠರಾವು ಬೇಡ, ಏರಿಸ್ಲೇಬೇಕು ಅಂದ್ರೆ 3ಕ್ಕೆ ನಿಲ್ಸಿ. ಏರಿಸೋದೇ ಬೇಡ ಅಂತ ಕೇಳಿದ್ರೆ ಕಾನೂನು ತೋರಿಸಿ ಬಾಯಿ ಮುಚ್ಚಿಸ್ತಾರೆ, ಅದಕ್ಕೆ ಕಾನೂನಿನ ಒಳಗೇ ಕೇಳಿದ್ವಿ. ಒಬ್ಬ ಸದಸ್ಯರು ಎದ್ದು ಅಭಿವೃದ್ಧಿಗೆ ಅಡ್ಡಗಾಲು ಹಾಕ್ತಿದೀರ ಅಂದ್ರು. ಎದುರು ಮನೆ ಆಂಟಿ ಕೂತಲ್ಲಿಂದಲೇ, ಚರಂಡಿ ಬೇಡ ಅಂತ ಯಾರು ಹೇಳಿದ್ರಪ್ಪ, ಇಲ್ಲದೇ ಇರೋ ಚರಂಡಿಗೆ ದುಡ್ಡು ಬೇಡ ಅಂತಿರೋದು ಅಂದ್ರು. ಹಾಲ್ ಪೂರ್ತಿ ಸುಮ್ಮನಾಯ್ತು.

ಆ ವರ್ಷ ಏರಿಕೆ 3ಕ್ಕೆ ನಿಲ್ತು. ಕಮಾನು ಬಜೆಟ್‌ನಿಂದ ಬಿಟ್ರು. ಚರಂಡಿ ಕಾಂಟ್ರಾಕ್ಟರ್‌ನ ಬಾಕಿ ಬಿಲ್ಲಲ್ಲಿ ಕಡಿತ ಮಾಡ್ತೀವಿ ಅಂತ ಬರವಣಿಗೆಲಿ ಕೊಟ್ಟಿದಾರೆ, ಕಡಿತ ಆಗಿದ್ಯಾ ಅಂತ ನೋಡ್ಬೇಕು. ತೆರಿಗೆ ಕಮ್ಮಿ ಆಗ್ಲಿಲ್ಲ, ಅದು ಆಗ್ಲೂ ಗೊತ್ತಿತ್ತು.

ಬೆಂಗಳೂರಿನ ನಮ್ ಅಕ್ಕ ಕೇಳಿದ್ಲು ನಿಮ್ ಸಣ್ಣೂರಲ್ಲಿ ಆಗತ್ತೆ ಇಲ್ಲಿ ಎಲ್ಲಾಗತ್ತೆ ಅಂತ. ಅವಳ ಕಷ್ಟ ಬೇರೆ ಥರ, ಅಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೇ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆನೇ ಇಲ್ಲದೆ ಆಡಳಿತಾಧಿಕಾರಿ ಕೈಲೇ ಬಜೆಟ್ಟು, 2025ರ ಏಪ್ರಿಲ್‌ನಿಂದ ಮನೆ ಅಳತೆ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ ಕಸದ ಶುಲ್ಕಾನೂ ಆಸ್ತಿ ತೆರಿಗೆ ಜೊತೆ ಬಂತು. ಹೋಗಿ ಕೇಳೋಣ ಅಂದ್ರೆ ವಾರ್ಡಿಗೊಬ್ಬ ಮೆಂಬರೇ ಇರ್ಲಿಲ್ಲ. ಆದ್ರೂ ಆಗಲ್ಲ ಅಂತ ನಾನು ಒಪ್ಪಲ್ಲ, ಅದೇ ಬೆಂಗಳೂರಲ್ಲಿ ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಸ್ಟೀಲ್ ಫ್ಲೈಓವರ್ ಅಂತ 1,791 ಕೋಟಿ ಯೋಜನೆ ಮಾಡಿದ್ರಲ್ಲ, 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ರಸ್ತೆ ಬದಿ ಕೈಕೈ ಹಿಡ್ಕೊಂಡು ಸ್ಟೀಲ್ ಫ್ಲೈಓವರ್ ಬೇಡ ಅಂತ ನಿಂತ್ರು, 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಡ್ತು. ಅಲ್ಲೂ ಜನ ಬರೀ ಬೇಡ ಅನ್ಲಿಲ್ಲ, ಡಿಪಿಆರ್ ಅಂದ್ರೆ ಯೋಜನೆಯ ಪೂರ್ತಿ ವರದಿ ಎಲ್ಲಿ, ಕಡಿಯೋ ಮರದ ಲೆಕ್ಕ ಎಲ್ಲಿ ಅಂತ ಕಾಗದ ಕೇಳಿದ್ರು.

ಈಗ ಮೂರನೇ ಅರ್ಜಿ. ಆ ಚಲನ್‌ನಲ್ಲಿದ್ದ ಸೆಸ್ 1,040 ನೋಡಿ, ತೆರಿಗೆ ಮೇಲೆ 26 ಪರ್ಸೆಂಟ್. ಬಿಡಿಸಿದ್ರೆ ಆರೋಗ್ಯ ಸೆಸ್ 15 ಅಂದ್ರೆ 600, ಗ್ರಂಥಾಲಯ 6 ಅಂದ್ರೆ 240, ಭಿಕ್ಷುಕರ ಸೆಸ್ 3 ಅಂದ್ರೆ 120, ನಗರ ಸಾರಿಗೆ 2 ಅಂದ್ರೆ 80. ಇದು ನಗರಸಭೆಯ ದುಡ್ಡಲ್ಲ, ನಮ್ಮಿಂದ ತಗೊಂಡು ಆಯಾ ಇಲಾಖೆಗೆ ದಾಟಿಸ್ಬೇಕು. ವಸೂಲಿ ಮಾಡಿ ದಾಟಿಸದೇ ಇಟ್ಕೊಂಡ ಸ್ಥಳೀಯ ಸಂಸ್ಥೆಗಳ ಬಗ್ಗೆ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ ವರದಿಗಳಲ್ಲೇ ಬಂದಿದೆ. ನಮ್ಮೂರ ಲೈಬ್ರರಿಲಿ ಮಧ್ಯಾಹ್ನ ಫ್ಯಾನ್ ತಿರುಗಲ್ಲ, ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಮಕ್ಕಳು ಕಿಟಕಿ ಪಕ್ಕ ಜಾಗಕ್ಕೆ ಬೆಳಗ್ಗೆ ಎಂಟಕ್ಕೇ ಬ್ಯಾಗ್ ಇಟ್ಟು ಕಾಯ್ತಾರೆ, ನಾನೂ ಹಾಗೇ ಓದಿ ಕೆಲಸಕ್ಕೆ ಸೇರ್ದವನು. ಒಂದೊಂದು ಮನೆಯಿಂದ 240 ಹೋಗಿದ್ದು ಎಲ್ಲಿಗೆ ಹೋಯ್ತು ಅಂತ ಗೊತ್ತಾಗ್ಬೇಕು ನಂಗೆ. ಅರ್ಜಿಲಿ ಕೇಳಿರೋದು ಒಂದೇ, ಕಳೆದ ಐದು ವರ್ಷದಲ್ಲಿ ಗ್ರಂಥಾಲಯ ಸೆಸ್ ಎಷ್ಟು ವಸೂಲಾಗಿದೆ, ಎಷ್ಟು ದಾಟಿಸಿದಾರೆ, ವರ್ಷವಾರು, ಪಾವತಿ ವೋಚರ್ ಪ್ರತಿ ಸಮೇತ. 37 ಪದ.

ಹಾಕೋರಿದ್ರೆ ಇಷ್ಟು ನೆನಪಿಟ್ಕೊಳ್ಳಿ, ಅರ್ಜಿ ಜೆರಾಕ್ಸ್ ಇಟ್ಕೊಳ್ಳಿ, ಪೋಸ್ಟಲ್ ಆರ್ಡರ್ ನಂಬರ್ ಅರ್ಜಿ ಮೇಲೇ ಬರೀರಿ, ಬಿಪಿಎಲ್ ಕಾರ್ಡ್ ಇದ್ರೆ 10 ರೂಪಾಯಿನೂ ಬೇಡ ಕಾರ್ಡ್ ಪ್ರತಿ ಇಡಿ ಸಾಕು, ಫೋನಲ್ಲಿ ಏನೇ ಹೇಳಿದ್ರೂ ಬರವಣಿಗೆಲಿ ಕೊಡಿ ಅನ್ನಿ. ನಮ್ ಅರ್ಜಿ ಹೋಗಿ 19 ದಿನ ಆಯ್ತು, ಸ್ಪೀಡ್ ಪೋಸ್ಟ್ ರಸೀದಿಯನ್ನ ಅಪ್ಪ ಕ್ಯಾಲೆಂಡರ್‌ಗೆ ಪಿನ್ ಮಾಡಿ 30ನೇ ದಿನಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದಾರೆ.